ಜಪಾನಿನ ತರಗತಿಯಲ್ಲಿ ಕಟ್ಟಕಡೆಯವನು

ಬೊಂಬಾಯಿ ಬಂದರು

ಜಪಾನಿಗೆ ಹೋಗಿ ಬಂದೆ ಎಂದಕೂಡಲೇ ಶಿಕಾರಿಪುರದಲ್ಲಿ ಎಲ್ಲರೂ ಕೇಳುವುದು ಎರಡೇ: ಆ ಹೂವಿನ ಮರ ನೋಡಿದಿರಾ, ಆ ದೊಡ್ಡ ಬೆಟ್ಟ ನೋಡಿದಿರಾ? ಎರಡನ್ನೂ ನಾನು ನೋಡಲಿಲ್ಲ. ಹೂವಿನ ಕಾಲ ಅದಾಗಿರಲಿಲ್ಲ, ಬೆಟ್ಟ ಮೋಡದೊಳಗಿತ್ತು. ನಾನು ನೋಡಿದ್ದು ಒಂದು ಗುಡ್ಡದ ಹಳ್ಳಿಯ ಶಾಲೆ, ಅದರಲ್ಲಿ ಒಂದು ತರಗತಿ, ತರಗತಿಯಲ್ಲಿ ಹದಿನಾಲ್ಕು ಮಕ್ಕಳು. ಅಷ್ಟಕ್ಕೇ ನನ್ನ ತಲೆ ಕೆಟ್ಟುಹೋಯಿತು. ಈಗಲೂ ಪೂರ್ತಿ ಸರಿಯಾಗಿದೆ ಎಂದು ಹೇಳಲಾರೆ.

ಶಿಕ್ಷಕರನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕಳಿಸುವ ಯೋಜನೆಯೊಂದರಲ್ಲಿ ನಮ್ಮ ಕಡೆಯಿಂದ ಇಬ್ಬರು ಗಣಿತದ ಮಾಸ್ತರರನ್ನು ಆರಿಸಿದ್ದರು. ಶಿಕಾರಿಪುರದಿಂದ ನಾನು, ಸೊರಬದಿಂದ ಹೆಗಡೆಯವರು. ಆರಿಸಿದ ಪುಣ್ಯಾತ್ಮರಿಗೆ ಶಿಕಾರಿಪುರಕ್ಕೂ ಸೊರಬಕ್ಕೂ ಇರುವ ದೂರ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಅದೇನೂ ದೂರವಲ್ಲ. ಪೇಪರು ತಿದ್ದುವ ವಿಷಯಕ್ಕೆ ಬಂದರೆ ಕಾಶಿ ಒಂದು ಕಡೆ, ರಾಮೇಶ್ವರ ಒಂದು ಕಡೆ.

ನನ್ನ ಲೆಕ್ಕ ಸರಳ. ಉತ್ತರ ಸರಿಯಿದ್ದರೆ ಸರಿ, ತಪ್ಪಿದ್ದರೆ ಸೊನ್ನೆ. ಮೂವತ್ತೈದಕ್ಕೆ ಪಾಸು ಎಂದರೆ ಮೂವತ್ನಾಲ್ಕು ಫೇಲು. ಪಟೇಲರ ಮಗನಿಗೂ ಅಷ್ಟೇ, ದೂರದ ಹಳ್ಳಿಯಿಂದ ಬುತ್ತಿ ಕಟ್ಟಿಕೊಂಡು ನಡೆದು ಬರುವವನಿಗೂ ಅಷ್ಟೇ. ಹುಡುಗರು ನನ್ನ ಬೆನ್ನ ಹಿಂದೆ ಸೊನ್ನೆ ಶಿವಬಸಪ್ಪ ಎನ್ನುತ್ತಾರೆ. ಅನ್ನಲಿ. ಹೆಗಡೆಯವರದು ಬೇರೆಯೇ ಧರ್ಮ. ಬೊಂಬಾಯಿಯಲ್ಲಿ ಹಡಗಿಗೆ ಕಾಯುತ್ತಾ ಕೂತಾಗ, ಉತ್ತರವೇ ಇಲ್ಲದ ಪೇಪರಿಗೆ ಏಕೆ ಮಾರ್ಕು ಕೊಡುತ್ತೀರಿ ಎಂದು ಕೇಳಿದ್ದೆ.

"ಹೆಸ್ರು ಬರ್ದಿದಾನಲ್ಲ ಮಾರಾಯ್ರೆ," ಎಂದರು. "ತಾರೀಕೂ ಸರಿ ಹಾಕಿದಾನೆ. ಪ್ರಶ್ನೆಪತ್ರಿಕೆ ನೋಡಿ ಹೆದರ್ಕೊಂಡು ಓಡಿ ಹೋಗ್ಲಿಲ್ಲ, ಕೂತಿದ್ದ. ಅದಕ್ಕೊಂದು ನಾಕು."

"ಹೆದರದಿದ್ದಕ್ಕ ಮಾರ್ಕು ಕೊಡಾಕ ಇದೇನು ದಂಡೇನ್ರಿ ಹೆಗಡೇರ?"

ಪ್ರಯಾಣ ಶುರುವಾದದ್ದೂ ಅಪಶಕುನದಿಂದಲೇ. ಹಡಗಿನ ಮೊದಲ ತೂಗಾಟಕ್ಕೆ ಅವರ ಮನೆಯವರು ಕಟ್ಟಿಕೊಟ್ಟಿದ್ದ ಅಪ್ಪೆಮಿಡಿಯ ಭರಣಿ ಉರುಳಿ ಒಡೆಯಿತು. ಒಡೆದದ್ದು ಅವರ ಹಾಸಿಗೆಯ ಮೇಲಲ್ಲ, ನನ್ನ ಹೊಸ ಕೋಟಿನ ಮೇಲೆ. ಆ ಕೋಟಿಗೆ ಎಷ್ಟು ಸಾಬೂನು ತಿಕ್ಕಿದರೂ ಉಪ್ಪಿನಕಾಯಿಯ ವಾಸನೆ ಹೋಗಲಿಲ್ಲ. ಜಪಾನಿನಲ್ಲಿ ನನ್ನನ್ನು ಕಂಡವರೆಲ್ಲ ಮೊದಲು ಮೂಗರಳಿಸಿ ಆಮೇಲೆ ನಮಸ್ಕರಿಸುತ್ತಿದ್ದರು.

ಕೋಬೆ

ಕೋಬೆ ಬಂದರಿನಲ್ಲಿ ನಮ್ಮನ್ನು ಇದಿರುಗೊಂಡವರು ನಿಶಿ ಎಂಬ ಹಿರಿಯರು. ಯುದ್ಧಕ್ಕೆ ಮುಂಚೆ ಬೊಂಬಾಯಿಯ ಹತ್ತಿ ವ್ಯಾಪಾರದಲ್ಲಿ ಗುಮಾಸ್ತರಾಗಿದ್ದವರು, ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ನಾವು ಇರುವಷ್ಟು ದಿನ ನಮ್ಮ ಬಾಯಿ ಮತ್ತು ಕಿವಿ ಅವರೇ. ಬಹಳ ಒಳ್ಳೆಯ ಮನುಷ್ಯ. ಅದೇ ತೊಂದರೆ. ಯಾರ ಖಾರದ ಮಾತೂ ಅವರ ಬಾಯಲ್ಲಿ ಸಿಹಿಯಾಗಿಬಿಡುತ್ತಿತ್ತು.

ಮೊದಲ ದಿನವೇ ಊಟದ ಮನೆಯಲ್ಲಿ, ಮೀನು ಹಾಕದ ಸಾರು ಎಂದು ಹೇಳಿಸಿ ತರಿಸಿದ್ದನ್ನು ಬಾಯಿಗಿಟ್ಟೆ. ಮೀನೇ. "ಇದರೊಳಗ ಮೀನೈತಿ, ನಾ ಮುಟ್ಟಾಂಗಿಲ್ಲ, ಸುಳ್ಳ್ಯಾಕ ಹೇಳಿದ್ರು ಕೇಳ್ರಿ" ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಗುಡುಗಿದೆ. ನಿಶಿಯವರು ತಲೆಬಾಗಿ ಎರಡೇ ಮಾತು ಹೇಳಿದರು. ಬಡಿಸುವ ಹೆಂಗಸು ನಗುನಗುತ್ತಾ ಇನ್ನೊಂದು ಬಟ್ಟಲು ಅದೇ ಸಾರು ತಂದಿಟ್ಟಳು! ಅತಿಥಿಗಳಿಗೆ ನಿಮ್ಮ ಸಾರು ಮರೆಯಲಾಗದಂತಿದೆ ಎಂದು ಹೇಳಿದರಂತೆ. ಅಂದಿನಿಂದ ಅನ್ನ, ಮೂಲಂಗಿ ಮತ್ತು ಮನೆಯಿಂದ ತಂದ ಶೇಂಗಾ ಚಟ್ನಿಪುಡಿಯೇ ನನಗೆ ಗತಿಯಾಯಿತು.

ಚಪ್ಪಲಿಯದು ಇನ್ನೊಂದು ಪುರಾಣ. ಹೊರಗಿನ ಬೂಟು ಬಾಗಿಲಲ್ಲಿ ಬಿಡಬೇಕು, ಒಳಗಿನ ಚಪ್ಪಲಿ ಮೆಟ್ಟಬೇಕು, ಶೌಚದ ಮನೆಗೆ ಮತ್ತೊಂದು ಜೊತೆ. ನಮ್ಮಲ್ಲಿ ದೇವಸ್ಥಾನದ ಮುಂದೆ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಮನೆಗೆ ಬರುವುದಷ್ಟೇ ನನಗೆ ಗೊತ್ತಿದ್ದ ಕಷ್ಟ. ವಿದ್ಯಾಖಾತೆಯ ದೊಡ್ಡ ಅಧಿಕಾರಿಯ ಎದುರಿಗೆ ನಾನು ಶೌಚದ ಚಪ್ಪಲಿಯಲ್ಲೇ ಹೋಗಿ ಕೂತೆ. ಅವರು ಮಾತಿನುದ್ದಕ್ಕೂ ನನ್ನ ಕಾಲನ್ನೇ ನೋಡುತ್ತಿದ್ದರು.

ಗುಡ್ಡದ ಹಳ್ಳಿ

ನಮ್ಮನ್ನು ಕಳಿಸಿದ ಹಳ್ಳಿ ಗುಡ್ಡದ ಮೇಲಿತ್ತು. ನಾವು ತಲುಪಿದ ದಿನ ಹಿಮ ಬಿದ್ದಿತ್ತು. ಹೆಗಡೆಯವರು ಸಿಂಗಾಪುರದಲ್ಲಿ ಕೊಂಡ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಮಗುವಿನ ಹಾಗೆ ಜೋಪಾನ ಮಾಡಿ ತಂದಿದ್ದರು. ಬೆಳಿಗ್ಗೆ ಎದ್ದು, ಒಂದು ದಪ್ಪ ಕವಳ ಹಾಕಿಕೊಂಡು, ಜಗುಲಿಯ ಅಂಚಿಗೆ ಹೋಗಿ ಆ ಬೆಳ್ಳನೆಯ ಹಿಮದ ಮೇಲೆ ಉಗಿದರು.

ಎದುರು ಮನೆಯ ಮುದುಕಿ ನೋಡಿ ಕೂಗಿಕೊಂಡಳು. ನಾಲ್ಕು ಜನ ಓಡಿ ಬಂದು ಹೆಗಡೆಯವರನ್ನು ಹಿಡಿದು ಮಲಗಿಸಿದರು. ಕ್ಷಯವೆಂದರೆ ಆ ಕಡೆ ಬಹಳ ಹೆದರಿಕೆ. ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟರು. ಬಾಯಿ ತುಂಬಾ ಕವಳವಿದ್ದ ಹೆಗಡೆಯವರು ಮಾತಾಡಲು ಹೋದಷ್ಟೂ ಇನ್ನಷ್ಟು ಕೆಂಪು ಹೊರಗೆ ಬಂತು. ಅವರಿಗೆ ಏನೂ ಆಗಿಲ್ಲ, ಅದು ಎಲೆ, ಅಡಿಕೆ, ಸುಣ್ಣ ಎಂದು ನಾನು ಬಡಬಡಿಸಿದೆ. ನಿಶಿಯವರು ಅದನ್ನು ಹೇಗೆ ಹೇಳಿದರೋ, ಮಧ್ಯಾಹ್ನದವರೆಗೆ ಊರಿನವರು ಸರದಿಯಲ್ಲಿ ಬಂದು ಹೆಗಡೆಯವರ ಕಾಲ ಬಳಿ ಹಣ್ಣು ಇಟ್ಟು ಹೋದರು.

ಶಾಲೆಯಲ್ಲಿ ನಮಗೆ ಕೊಟ್ಟದ್ದು ಹದಿನೈದರ ವಯಸ್ಸಿನ ಮಕ್ಕಳ ತರಗತಿ. ಟೀಚರು ಮಿಸ್ ಓಕಾಮೋಟೋ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾವು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವುದು ಎಂದು ನಾನು ತಿಳಿದಿದ್ದೆ. ಆ ಊರಿನ ಪದ್ಧತಿ ಹಾಗಲ್ಲ. ತರಗತಿಯೊಳಗೆ ದಿನವೂ ಕೂರುವವನು ತರಗತಿಯವನು. ಹೆಡ್ಮಾಸ್ತರು ಕುಂಚದಿಂದ ಹಾಜರಿ ಪುಸ್ತಕದಲ್ಲಿ ನಮ್ಮಿಬ್ಬರ ಹೆಸರು ಬರೆದೇಬಿಟ್ಟರು. ದಿನಾ ಬೆಳಿಗ್ಗೆ ಹಾಜರಿ. ಗಂಡುಹುಡುಗರ ಹೆಸರಿಗೆ ಅವರು 'ಕುನ್' ಸೇರಿಸುತ್ತಾರೆ. "ಶಿಬಬಸಪ್ಪ-ಕುನ್!" ಎಂದು ನನ್ನ ಮಗಳ ವಯಸ್ಸಿನ ಟೀಚರು ಕರೆಯುವುದು, ನರೆತ ಮೀಸೆಯ ನಾನು ಎದ್ದು ನಿಂತು "ಹಾಯ್", ಅಂದರೆ ಅವರ ಭಾಷೆಯಲ್ಲಿ ಹೌದು, ಎನ್ನುವುದು! ಒಂದು ದಿನ ಸಿಟ್ಟಿನಿಂದ ಸುಮ್ಮನೆ ಕೂತೆ. ಅವರು ನನಗೆ ಗೈರುಹಾಜರಿ ಹಾಕಿದರು.

ಕಸ ಗುಡಿಸುವ ಪಾಳಿಯೂ ಬಂತು. ನೆಲ ಒರೆಸುವ ಬಟ್ಟೆ ಹಿಡಿದು ಬಗ್ಗಿದಾಗ, ನಮ್ಮ ಶಿಕಾರಿಪುರದ ಹುಡುಗರು ಇದನ್ನು ನೋಡಿದರೆ ಏನಾದೀತು ಎಂದು ನೆನೆದು ಮೈ ಬೆವರಿತು.

ನನ್ನ ಪಕ್ಕದ ಬೆಂಚು ಸಾಚಿಕೋ ಎಂಬ ಹುಡುಗಿಯದು. ತಂದೆಯಿಲ್ಲ, ತಾಯಿ ಇದ್ದಿಲು ಸುಡುವ ಕೆಲಸಕ್ಕೆ ಹೋಗುತ್ತಾಳೆ. ಕೆಳಗಿನ ಪಟ್ಟಣದ ವಾಣಿಜ್ಯ ಶಾಲೆಗೆ ಸೇರಬೇಕೆಂಬುದು ಅವಳ ಒಂದೇ ಹಟ. ಅದು ಸಿಗದಿದ್ದರೆ ವಸಂತದಲ್ಲಿ ಹಳ್ಳಿಯ ಹುಡುಗಿಯರ ಜೊತೆ ರೈಲು ಹತ್ತಿ ದೂರದ ನೂಲಿನ ಗಿರಣಿಗೆ. ಇದನ್ನೆಲ್ಲ ಹೇಳಿದ್ದು ನಿಶಿಯವರು. ನನಗೆ ಅವಳು ಗೊತ್ತಾದದ್ದು ಬೇರೆ ರೀತಿ. ಅಲ್ಲಿ ಗಣಿತವೆಂದರೆ ಅರ್ಧ ಭಾಗ ಮಣಿ ಪೋಣಿಸಿದ ಒಂದು ಚೌಕಟ್ಟು, ಹೆಸರು ಸೊರೊಬಾನ್. ("ಸೊರಬದ ಹೆಸ್ರೇ ಇಟ್ಟಿದಾರೆ ನೋಡಿ!" ಎಂದು ಹೆಗಡೆಯವರು ಊರಿಗೆ ಕಾಗದ ಬರೆದರು.) ಟೀಚರು ಸಂಖ್ಯೆಗಳನ್ನು ಪಟಪಟ ಓದುತ್ತಾ ಹೋಗುತ್ತಾರೆ, ಮಕ್ಕಳು ಕೂಡಿಸುತ್ತಾ ಹೋಗುತ್ತಾರೆ. ನನ್ನ ದಪ್ಪ ಬೆರಳಿಗೆ ಒಂದು ಮಣಿ ಎಂದರೆ ಮೂರು ಮಣಿ ಏಳುತ್ತಿತ್ತು. ಸಾಚಿಕೋ ನೋಡಿ ನೋಡಿ ತಡೆಯಲಾರದೆ, ನಾನು ಹುಡುಗರಿಗೆ ಮಾಡುವ ಹಾಗೆಯೇ, ನನ್ನ ಬೆರಳ ಗಿಣ್ಣಿಗೆ ಪೆನ್ಸಿಲಿನಿಂದ ಒಂದು ಏಟು ಹಾಕಿದಳು.

ಪರೀಕ್ಷೆಯ ದಿನ

ಶಾಲೆಯ ಟರ್ಮಿನ ಕೊನೆಗೆ ಗಣಿತದ ಪರೀಕ್ಷೆ. ಹೆಸರು ಹಾಜರಿಯಲ್ಲಿದೆ, ಆದ್ದರಿಂದ ನಾವೂ ಕೂರಬೇಕು! ಪ್ರಶ್ನೆಗಳು ಅವರ ಭಾಷೆಯಲ್ಲಿ. ನಿಶಿಯವರು ನನ್ನ ಬಳಿ ಬಂದು, ಅರ್ಥ ಹೇಳಲೇ ಎಂದು ಮೆಲ್ಲಗೆ ಕೇಳಿದರು. ಉಳಿದ ಮಕ್ಕಳಿಗೆ ಯಾರಾದರೂ ಕಿವಿಯಲ್ಲಿ ಹೇಳುತ್ತಿದ್ದಾರೆಯೇ? ಪರೀಕ್ಷೆ ಎಂದರೆ ಪರೀಕ್ಷೆ. ಬೇಡವೆಂದು ಕೈಯಾಡಿಸಿ, ಬರೀ ಅಂಕಿಗಳಿದ್ದ ಲೆಕ್ಕಗಳನ್ನಷ್ಟೇ ಮಾಡಿ ಎದ್ದೆ. ಹೆಗಡೆಯವರು ನಿಶಿಯವರ ತೋಳು ಹಿಡಿದು ಎಳೆದು ಎರಡು ಪ್ರಶ್ನೆಯ ಅರ್ಥ ಕೇಳಿಕೊಂಡರು. ನಾಚಿಕೆ ಎಂಬುದೇ ಇಲ್ಲ.

ನೂರಕ್ಕೆ ನನಗೆ ಹನ್ನೊಂದು ಬಂತು. ಹೆಗಡೆಯವರಿಗೆ ಹತ್ತೊಂಬತ್ತು. ಮಕ್ಕಳೆಲ್ಲ ಅರವತ್ತು ದಾಟಿದ್ದರು. ಎಲ್ಲರಿಗಿಂತ ಕಡಿಮೆ ಸಾಚಿಕೋಗೆ, ಅರವತ್ನಾಲ್ಕು. ನಮ್ಮ ಶಾಲೆಗೆ ಇಂಥ ಫಲಿತಾಂಶ ಬಂದರೆ ಹೆಡ್ಮಾಸ್ತರು ಬ್ಯಾಂಡು ತರಿಸುತ್ತಿದ್ದರು. ಆದರೆ ಮಿಸ್ ಓಕಾಮೋಟೋ ಮಕ್ಕಳು ಮನೆಗೆ ಹೋದ ಮೇಲೂ ಮೇಜಿನ ಮುಂದೆ ಖಾಲಿ ಪ್ರಗತಿಪತ್ರ ಇಟ್ಟುಕೊಂಡು ಕೂತೇ ಇದ್ದರು. ಕಣ್ಣು ಕೆಂಪಾಗಿತ್ತು.

ವಿಷಯ ನಿಶಿಯವರಿಂದ ತಿಳಿಯಿತು. ಅಲ್ಲಿ ಪ್ರಗತಿಪತ್ರದಲ್ಲಿ ಮಾರ್ಕು ಬರೆಯುವುದಿಲ್ಲ. ಐದರಿಂದ ಒಂದರವರೆಗೆ ಒಂದು ಅಂಕ. ಐದು ಉತ್ತಮ, ಒಂದು ಎಲ್ಲಕ್ಕಿಂತ ಕೆಳಗೆ. ಎಷ್ಟು ಜನಕ್ಕೆ ಯಾವ ಅಂಕ ಎಂಬುದನ್ನು ನಿಯಮವೇ ಹಂಚಿಟ್ಟಿದೆ. ಅಷ್ಟು ಚಿಕ್ಕ ತರಗತಿಯಲ್ಲಿ ಮೇಲಿನ ಒಬ್ಬರಿಗೆ ಐದು, ಕೆಳಗಿನ ಒಬ್ಬರಿಗೆ ಒಂದು, ಉಳಿದವರು ನಡುವೆ. ಕೆಳಗಿನವಳು ಸಾಚಿಕೋ. ಗಣಿತದಲ್ಲಿ ಒಂದು ಇದ್ದರೆ ಆ ವಾಣಿಜ್ಯ ಶಾಲೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಎರಡಿದ್ದರೆ ಪ್ರವೇಶ ಪರೀಕ್ಷೆಗೆ ಕೂರಬಹುದು.

ನನ್ನ ನೆತ್ತಿಗೆ ಬೆಂಕಿ ಬಿತ್ತು. ಇಂಗ್ಲಿಷಿನಲ್ಲಿ ಶುರುಮಾಡಿದವನು ಸಿಟ್ಟೇರಿದ ಹಾಗೆ ಕನ್ನಡಕ್ಕೆ ಇಳಿದೆ. ಹೆಗಡೆಯವರು ಅದನ್ನು ಇಂಗ್ಲಿಷಿಗೆ ತರುವುದು, ನಿಶಿಯವರು ಅಲ್ಲಿಂದ ಜಪಾನಿ ಭಾಷೆಗೆ ಸಾಗಿಸುವುದು.

"ಅರವತ್ನಾಲ್ಕಕ್ಕ ಒಂದಾ? ಹಂಗಾರ ಎಲ್ಲಾರೂ ತೊಂಬತ್ತು ತಗದ್ರ?"

ತೊಂಬತ್ತರ ಕೊನೆಯವರಿಗೆ ಒಂದು ಎಂದರು ಟೀಚರು.

"ಎಲ್ಲಾರೂ ಇಪ್ಪತ್ತು ತಗದ್ರ?"

ಇಪ್ಪತ್ತರ ಮೊದಲನೆಯವರಿಗೆ ಐದು.

"ಅಂದ್ರ ದಡ್ಡರ ನಡುವೆ ಕುಂತ್ರ ಜಾಣ, ಜಾಣರ ನಡುವೆ ಕುಂತ್ರ ದಡ್ಡ. ಇದು ಲೆಕ್ಕಾನೇನ್ರಿ? ಹುಡುಗಿಗೆ ಲೆಕ್ಕ ಬರ್ತೈತೋ ಇಲ್ಲೋ ಅದನ್ನ ಹೇಳ್ರಿ!"

ನಮ್ಮ ಗದ್ದಲಕ್ಕೆ ಹೆಡ್ಮಾಸ್ತರು ಬಂದರು. ಬಿಳಿ ತಲೆಯ ಸಣ್ಣ ಮನುಷ್ಯ. ಎಲ್ಲ ಕೇಳಿ, ಸಾವಧಾನವಾಗಿ ಹೇಳಿದರು: "ಈ ನಿಯಮ ಬರುವ ಮುಂಚೆ ಟೀಚರಿಗೆ ತೋಚಿದ್ದೇ ಅಂಕ. ಜಮೀನುದಾರರ ಮಗನಿಗೆ ಐದು, ಗೇಣಿಯವನ ಮಗನಿಗೆ ಎರಡು. ಅದನ್ನು ನಿಲ್ಲಿಸಲೆಂದೇ ನಮ್ಮ ಕೈ ಕಟ್ಟಿದ್ದು. ನಿಮ್ಮ ಊರಿನಲ್ಲಿ ಅಂಥದ್ದು ಇಲ್ಲವೇ?"

ಫಲಿತಾಂಶದ ಹಿಂದಿನ ದಿನ ಬಾಳೆಗೊನೆ ಹೊರಿಸಿಕೊಂಡು ನನ್ನ ಮನೆ ಬಾಗಿಲಿಗೆ ಬರುವವರ ಮುಖಗಳು ಒಂದೊಂದಾಗಿ ನೆನಪಾದವು. ಸಿಟ್ಟು ಇನ್ನೂ ಹೆಚ್ಚಾಯಿತು. ಎದುರಿಗಿದ್ದವನು ಮೂರ್ಖನಾಗಿದ್ದರೆ ಬೈದು ಹಗುರಾಗಬಹುದಿತ್ತು.

"ಆ ಕೂಸಿಗೆ ಒಂದು ನಾಕು ಮಾರ್ಕು ಸೇರಿಸಿ ಬಿಡಿ ಮಾರಾಯ್ರೆ," ಎಂದರು ಹೆಗಡೆಯವರು, ಟೀಚರ ಕಡೆ ಕೈಮುಗಿದು. "ಕುಬಟೂರಿನ ಹುಡುಗ ಒಬ್ಬ ಅರವತ್ತು ತೆಗ್ದಾಗ ಅವನಪ್ಪ ಬೀದಿಗೆಲ್ಲ ಮಂಡಕ್ಕಿ ಹಂಚಿದ್ದ. ಇದಕ್ಕೆ ಅರವತ್ನಾಕು. ಯಾರಿಗೆ ಎಂತ ನಷ್ಟ?"

"ಆಕಿ ಮ್ಯಾಲಿನವನಿಗೆ ನಷ್ಟ. ಆಕಿ ಏರಿದ್ರ ಅವ ಕೆಳಗ ಬೀಳ್ತಾನ. ಅವನ ಮಾರ್ಕು ಅವ ಕಷ್ಟಪಟ್ಟು ತಗದಿದ್ದಲ್ಲೇನು? ನಿಮ್ಮ ಕರುಣಾ ಒಬ್ಬರ ಕಿಸೆಯಿಂದ ತಗದು ಇನ್ನೊಬ್ಬರಿಗೆ ಕೊಡೂದು."

ಹೆಗಡೆಯವರು ಸಪ್ಪಗಾದರು. ಮಿಸ್ ಓಕಾಮೋಟೋ ಪೆನ್ನು ತೆಗೆದುಕೊಂಡರು. ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದು ಬಿದ್ದಿತ್ತು. ಹೆಸರುಗಳ ಸಾಲಿನ ಕೆಳಗೆ ಕುಂಚದ ದಪ್ಪ ಅಕ್ಷರಗಳಲ್ಲಿ ಇನ್ನೆರಡು ಹೆಸರು. ಓದಲು ಬಾರದಿದ್ದರೂ ಅವು ಯಾರವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದರ ಮುಂದೆ ಗೈರುಹಾಜರಿಯ ಗುರುತೂ ಇತ್ತು.

"ನಿಲ್ಲಿಸ್ರಿ!" ಎಂದು ಕೂಗಿದೆ. "ನಿಶಿಯವರ, ಇದನ್ನ ಮಾತ್ರ ಮೆತ್ತಗ ಮಾಡಬ್ಯಾಡ್ರಿ, ನಾ ಹೇಳಿದ್ದನ್ನ ಹೇಳಿದಂಗ ಹೇಳ್ರಿ. ಹಾಜರಿಗೆ ಬೇಕು, ಕಸ ಹೊಡಿಯಾಕ ಬೇಕು, ಪರೀಕ್ಷೆಗೆ ಕೂರಿಸಾಕ ಬೇಕು. ಅಂಕ ಹಂಚೂವಾಗ ನಾವು ಯಾರೂ ಅಲ್ಲೇನು? ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನೂದು ನಮ್ಮೂರ ಗೋಲಿ ಆಟದಾಗ. ಇಲ್ಲಿ ನಡಿಯಾಂಗಿಲ್ಲ. ತರಗತಿಯೊಳಗ ಹದಿನಾರು ಮಂದಿ ಅದೀವಿ. ಹದಿನಾರೂ ಮಂದಿಗೆ ಹಂಚ್ರಿ."

ಹೆಗಡೆಯವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು.

"ನಂದು ಹತ್ತೊಂಬತ್ತು ಶಿವಬಸಪ್ಪನೋರೆ. ನಿಮ್ದು ಹನ್ನೊಂದು. ಆ ಒಂದು ಯಾರಿಗೆ ಬೀಳ್ತದೆ ಅಂತ ಗೊತ್ತುಂಟಲ್ಲ?"

"ಗೊತ್ತೈತಿ, ಸುಮ್ಕಿರ್ರಿ."

ಇಡೀ ತಾಲ್ಲೂಕಿನ ಮಕ್ಕಳ ಲೆಕ್ಕದಲ್ಲಿ ತಪ್ಪು ಹುಡುಕಿದವನು ನಾನು. ಪರದೇಶದಲ್ಲಿ ಗಣಿತಕ್ಕೆ ಕಟ್ಟಕಡೆಯ ಅಂಕ! ಆದರೆ ಆ ಹನ್ನೊಂದು ನಾನೇ ತೆಗೆದದ್ದು, ಯಾರೂ ಕದ್ದು ಕಡಿಮೆ ಮಾಡಿದ್ದಲ್ಲ. ಹನ್ನೊಂದು ಅರವತ್ನಾಲ್ಕಕ್ಕಿಂತ ಕೆಳಗೆ. ಇದರಲ್ಲಿ ಕರುಣೆಯೂ ಇಲ್ಲ, ಶಿಫಾರಸೂ ಇಲ್ಲ.

ನಿಶಿಯವರು ಅಂದು ಮೊದಲ ಸಲ ನನ್ನ ಮಾತನ್ನು ನನ್ನ ದನಿಯಲ್ಲೇ ಹೇಳಿದರು. ಮೇಜನ್ನು ಕೂಡ ಗುದ್ದಿದರು. ಹೆಡ್ಮಾಸ್ತರು ಹಾಜರಿ ಪುಸ್ತಕವನ್ನು ಎಳೆದುಕೊಂಡು, ತಮ್ಮದೇ ಕೈಬರಹವನ್ನು ಬಹಳ ಹೊತ್ತು ನೋಡಿದರು. "ಹೆಸರಿದೆ," ಎಂದರು ಕೊನೆಗೆ. "ಹೆಸರಿದ್ದವರು ವಿದ್ಯಾರ್ಥಿಗಳು. ನಿಯಮ ಹಾಗೆಯೇ." ಮಿಸ್ ಓಕಾಮೋಟೋ ಎದ್ದು ನಿಂತು ನನಗೆ ನೆಲ ಮುಟ್ಟುವಷ್ಟು ಬಾಗಿದರು. "ಕರುಣೆಗೆ ಹೇಳಿದ್ದಲ್ಲವ್ವಾ, ಲೆಕ್ಕಕ್ಕ ಹೇಳಿದ್ದು" ಎಂದು ಗದರಿದೆ. ಅದನ್ನು ನಿಶಿಯವರು ಮತ್ತೆ ಏನೋ ಸಿಹಿಯಾಗಿ ಮಾಡಿಬಿಟ್ಟರು.

ಟರ್ಮಿನ ಕೊನೆಯ ದಿನ

ಪ್ರಗತಿಪತ್ರವನ್ನು ಹೆಸರು ಕರೆದು ಕೊಡುತ್ತಾರೆ. ಎರಡೂ ಕೈಯಲ್ಲಿ ತೆಗೆದುಕೊಂಡು ಬಾಗಬೇಕು. ಸಾಚಿಕೋ ತನ್ನದನ್ನು ತೆಗೆದುಕೊಂಡು ಬಂದು, ತೆರೆಯದೆ ಬೆಂಚಿನ ಮೇಲೆ ಬೋರಲಿಟ್ಟು ಅದರ ಮೇಲೆ ಕೈ ಒತ್ತಿ ಕೂತಳು. ಮಾರ್ಕು ಎಲ್ಲರಿಗೂ ಗೊತ್ತಿತ್ತಲ್ಲ, ನಮ್ಮಿಬ್ಬರನ್ನು ಲೆಕ್ಕಕ್ಕೆ ಹಿಡಿಯದೆ ತಾನೇ ಕೊನೆಯವಳು ಎಂದು ಅವಳು ಎಣಿಸಿಕೊಂಡಿದ್ದಳು.

"ಶಿಬಬಸಪ್ಪ-ಕುನ್!"

ಹೋಗಿ ತಂದೆ. ಪಕ್ಕದ ಹುಡುಗ ನಾಚಿಕೆಯಿಲ್ಲದೆ ಇಣುಕಿದ. ಗಣಿತದ ಎದುರಿಗಿದ್ದ ಅಂಕ ಕಂಡು ಅವನ ಬಾಯಿಂದ ಹೊರಟ ಕೂಗಿಗೆ ಇಡೀ ತರಗತಿ ನನ್ನ ಸುತ್ತ ನೆರೆಯಿತು. ಸಾಚಿಕೋ ಕೂಡ ಬಂದು ನೋಡಿದಳು. ಅವಳ ಮುಖದಲ್ಲಿ ಕೂಡಿಸು, ಕಳೆ ನಡೆಯುವುದು ನನಗೆ ಕಾಣಿಸಿತು. ತಟ್ಟನೆ ತಿರುಗಿ ತನ್ನ ಬೆಂಚಿಗೆ ಓಡಿ ಆ ಪತ್ರ ತೆರೆದಳು. ಎರಡು.

ಅತ್ತಾಳು ಎಂದುಕೊಂಡಿದ್ದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನನ್ನ ಕಡೆ ನೋಡಿ, ನನ್ನ ಬೆರಳು ನೋಡಿ, ಮತ್ತೆ ನಕ್ಕಳು. ಆಮೇಲೆ ನನ್ನ ಮಣಿಚೌಕಟ್ಟನ್ನು ತೆಗೆದು ನನ್ನ ಮುಂದಿಟ್ಟು, ಮೊದಲ ಪಾಠದಿಂದ ಶುರು ಮಾಡು ಎನ್ನುವ ಹಾಗೆ ಬೆರಳಿನಿಂದ ತಟ್ಟಿದಳು.

ಶಿಕಾರಿಪುರ

ಊರಿಗೆ ಬಂದ ವಾರಕ್ಕೇ ಶಾಲೆಯಲ್ಲಿ ಸನ್ಮಾನ. ಹೆಗಡೆಯವರು ಸೊರಬದಿಂದ ಅದಕ್ಕೆಂದೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ನನ್ನ ಗಣಿತದ ಅಂಕವನ್ನು ಯಾರು ಹಬ್ಬಿಸಿರಬೇಕು ಎಂದು ಬೇರೆ ಹೇಳಬೇಕಿಲ್ಲ. ನಮ್ಮ ಹೆಡ್ಮಾಸ್ತರು ಹಾರ ಹಾಕಿ, ಜಪಾನಿನಂಥ ಜಪಾನಿನಲ್ಲಿ ನಮ್ಮ ಮಾಸ್ತರಿಗೆ ಗಣಿತದಲ್ಲಿ ಒಂದು ಬಂದಿದೆ ಎಂದು ಸಾರಿದರು. ಚಪ್ಪಾಳೆ! ಸಾರ್, ಅದು ಕಡೆಯದು ಎಂದೆ. "ನೋಡ್ರಪ್ಪಾ, ಎಂಥಾ ವಿನಯ!" ಎಂದರು.

ಒಂದು ಕೆಲಸ ಬಾಕಿ ಇತ್ತು. ಪ್ರಗತಿಪತ್ರಕ್ಕೆ ಪೋಷಕರ ಸಹಿ ಹಾಕಿಸಿ ಶಾಲೆಗೆ ಹಿಂದಿರುಗಿಸಬೇಕು. ನಿಯಮ ಅಂದರೆ ನಿಯಮ. ನನಗೆ ತಂದೆ ತಾಯಿ ಇಲ್ಲ, ಹಿರಿಯರಿಲ್ಲ. ಅಡಿಗೆಮನೆಯ ಬಾಗಿಲಿಗೆ ಹೋಗಿ ನನ್ನ ಹೆಂಡತಿ ಗಿರಿಜೆಯ ಮುಂದೆ ಚಾಚಿದೆ.

"ಏನ್ರಿ ಇದು?"

ಎಲ್ಲ ಹೇಳಿದೆ. ಒಂದೆಂದರೇನು ಎಂಬುದನ್ನೂ ಹೇಳಿದೆ. ಅವಳು ಕೈ ಒರೆಸಿಕೊಂಡು, ಪತ್ರವನ್ನು ಬೆಳಕಿಗೆ ಹಿಡಿದು ನೋಡಿದಳು.

"ನೀವು ಅಲ್ಲಿ ಕುಂತಿರಲಿಲ್ಲ ಅಂದ್ರ ಇದು ಆ ಹುಡುಗಿಗೆ ಬರ್ತಿತ್ತಾ?"

"ಬರ್ತಿತ್ತು."

"ಈಗ ಆಕಿ ಆ ಪಟ್ಟಣದ ಸಾಲಿಗೆ ಹೋಗ್ತಾಳಾ?"

"ಪರೀಕ್ಷೆಗೆ ಕೂರ್ತಾಳ. ಮುಂದಿಂದು ಆಕಿ ಕೈಯಾಗೈತಿ."

ಪೆನ್ನು ಕೊಡಿ ಎಂದಳು. ಸಹಿಯ ಜಾಗ ತೋರಿಸಿದೆ. ಪಕ್ಕದಲ್ಲಿ ಪೋಷಕರ ಅಭಿಪ್ರಾಯಕ್ಕೆಂದು ಮೂರು ಗೆರೆ ಖಾಲಿ ಇತ್ತು. ಅದೇನೆಂದು ಕೇಳಿ ತಿಳಿದುಕೊಂಡು, ನನಗೆ ಕಾಣದ ಹಾಗೆ ತಿರುಗಿ ಕೂತು, ನಿಧಾನವಾಗಿ ಬರೆದಳು. ಮಸಿ ಆರಲೆಂದು ಊದಿ ಕೊಟ್ಟಳು.

"ಹುಡುಗ ಪ್ರಾಮಾಣಿಕ. ಸಿಟ್ಟು ಬಹಳ. ಈ ಅಂಕ ನೋಡಿ ಮನೆಯಲ್ಲಿ ಸಂತೋಷವಾಗಿದೆ."

"ಒಂದು ಬಂದಿದ್ದಕ್ಕ ಸಂತೋಷ ಅಂತ ಯಾವ ಪೋಷಕರು ಬರೀತಾರ? ಓದಿದವರು ಏನಂದಾರು?" ಎಂದು ರೇಗಿದೆ.

"ನಾ ಬರ್ದೀನಲ್ಲ," ಎಂದಳು. ಎದ್ದು ಒಲೆಯ ಕಡೆ ಹೋದವಳು ಅಲ್ಲಿಂದಲೇ ಕೂಗಿದಳು: "ಅದಕ್ಕ ನಿಮ್ಮ ಕೆಂಪು ಪೆನ್ಸಿಲ್ ಮುಟ್ಟಿಸಬ್ಯಾಡ್ರಿ, ಹಂಗೇ ಹೋಗ್ಲಿ."

ಮುಟ್ಟಿಸಲಿಲ್ಲ. ಅಂಚೆಯ ಚೀಲ ಕಟ್ಟುವ ಮುಂಚೆ ಹೋಗಿ ನಾನೇ ಹಾಕಿ ಬಂದೆ.